ಜೈನಾಪುರದಾಗ ಒಂದೂ ಇಲ್ಲ

ಜೈನಾಪುರದಲ್ಲಿ ಮಗು ಅತ್ತರೆ ಓಣಿಗೆಲ್ಲ ಕೇಳುತ್ತದೆ. ಯಾಕೆ ಅತ್ತಿತು ಎಂದು ಕೇಳಿದರೆ ಮಾತ್ರ ಯಾರಿಗೂ ಏನೂ ಕೇಳಿರುವುದಿಲ್ಲ.

ಗ್ರಾಮಸೇವಕಿ ಸೋನಾಬಾಯಿ ಬಬಲೇಶ್ವರದಿಂದ ಬಂದು ತಾಯವ್ವನ ಕಟ್ಟೆಯ ಮೇಲೆ ಕೂತಳು. ತಾಯವ್ವ ಮಕ್ಕಳಿಗೆ ಚುಟಿಗಿ ಕೊಡುವವಳು. ಕಾಮಣಿಯಾಗಲಿ, ಹೊಟ್ಟೆಯುಬ್ಬರವಾಗಲಿ, ಕಾಯಿಸಿದ ಸೂಜಿ ಹೊಟ್ಟೆಗೆ ಮುಟ್ಟಿಸಿದರೆ ರೋಗ ಹೋಗುತ್ತದೆಂದು ಊರಿನ ನಂಬಿಕೆ.

"ಈ ವರ್ಷ ಎಷ್ಟು ಮಕ್ಕಳಿಗೆ ಸಿಡುಬು ಆಗಿತ್ತರಿ, ತಾಯವ್ವಾ?"

"ಮೂರು. ನಾನ ಹೇಳೇನಲ್ಲ ನಿನಗ."

"ಹೊಡ್ತ ತಿಂದವು, ಸುಟ್ಟವು, ಉಪವಾಸ ಬಿದ್ದವು?"

"ಒಂದೂ ಇಲ್ಲ. ಸರಕಾರ ನಮ್ಮ ಕುರಿ ಎಣಿಸಿ ಆತು, ಕೋಳಿ ಎಣಿಸಿ ಆತು. ಇನ್ನ ಹೊಡ್ತ ಎಣಸಾಕ ಬಂದೈತೇನು ಬೇ?"

"ಸರಕಾರ ಕೇಳಿಲ್ರಿ, ನಾನ ಕೇಳಾಕತ್ತೇನಿ. ನೀವು ಹೇಳಿದ ಸಿಡುಬಿನ ಲೆಕ್ಕ ವಿಜಾಪುರಕ್ಕ ಹೋತು, ಅಲ್ಲಿಂದ ದಿಲ್ಲಿಗೆ ಹೋತು, ಲಸಿಕಿ ಹಾಕಾವ ಬಂದ. ಈ ಹೊಡ್ತದ ಲೆಕ್ಕ ನಿಮ್ಮ ಕಟ್ಟಿ ದಾಟೂದಿಲ್ಲ. ಎಲ್ಲಾ ಊರೂ ಒಂದೂ ಇಲ್ಲ ಅಂದ್ರ ದೇಶದಾಗೂ ಒಂದೂ ಇಲ್ಲ ಅಂತ ಆಗತೈತಿ. ಇಲ್ಲದ್ದಕ್ಕ ಮದ್ದು ಯಾರು ತರತಾರ?"

ತಾಯವ್ವ ಎಲೆಗೆ ಸುಣ್ಣ ಹಚ್ಚುತ್ತ ನಕ್ಕಳು. "ಸಾಲಿ ಕಲ್ತು ಬಾಯಿ ಭಾಳ ಉದ್ದ ಆಗೇತಿ ನಿಂದು."

ಅಷ್ಟರಲ್ಲಿ ಎದುರು ಮನೆಯಿಂದ ಬೋರವ್ವ ಕೊಡ ಹಿಡಿದು ಕುಂಟುತ್ತ ಹೊರಟಳು. ತಂದೆ ತಾಯಿ ಇಲ್ಲದ ಹುಡುಗಿ. ಕಾಕಾ ಬೀರಣ್ಣನ ಕುರಿಮರಿ ಕಾಯುತ್ತಾಳೆ. ಮೊನ್ನೆ ಒಂದು ಮರಿಯನ್ನು ತೋಳ ಒಯ್ದಿತ್ತು. ಈಗ ಅವಳ ಮೀನಖಂಡದ ಮೇಲೆ ಸುಟ್ಟ ಗಾಯ, ಗಾಯದ ಮೇಲೆ ನೊಣ.

"ಅದೇನು, ಬೀರಣ್ಣಾ?" ಸೋನಾಬಾಯಿ ಎದ್ದು ನಿಂತಳು.

ಬೀರಣ್ಣ ಎದುರು ಮನೆಯ ಅಂಗಳದಲ್ಲಿ ಕುರಿಹಟ್ಟಿಯ ಬಲೆ ಸುತ್ತುತ್ತಿದ್ದ. ಬೆಳಗಾದರೆ ಹಿಂಡು ಹೊಡೆದುಕೊಂಡು ಕೃಷ್ಣಾ ನದಿಯ ಕಡೆ ಹೊರಡುವವ. ಬೋರವ್ವನೂ ಜೊತೆಗೆ. ಅಲ್ಲಿ ತಿಂಗಳುಗಟ್ಟಲೆ ಅವಳನ್ನು ನೋಡುವ ಇನ್ನೊಂದು ಕಣ್ಣಿರುವುದಿಲ್ಲ.

"ಕಾಮಣಿ ಆಗಿತ್ರಿ, ಬಾಯಾರ. ತಾಯವ್ವ ಚುಟಿಗಿ ಕೊಟ್ಟಾಳ," ಎಂದ ತಲೆಯೆತ್ತದೆ.

ತಾಯವ್ವನ ಬೆರಳು ಸುಣ್ಣದ ಡಬ್ಬಿಯಲ್ಲೇ ನಿಂತಿತು.

"ನೀವು ಕೊಟ್ಟೀರೇನ್ರಿ?" ಸೋನಾಬಾಯಿ ಕೇಳಿದಳು. "ನಾಳೆ ಆಕಿ ಹೋದ್ಲಂದ್ರ ಯಾರನ್ನ ಕೇಳೂನು?"

"ಇಲ್ಲ," ಎಂದಳು ತಾಯವ್ವ. "ನನ್ನ ಸೂಜಿ ಕಾಲಿಗೆ ಎಂದೂ ಹೋಗಿಲ್ಲ. ಅದು ಕುರಿಗೆ ಬರಿ ಹಾಕೂ ಕಬ್ಬಿಣ. ಆಕಿ ಚೀರಿದ್ದು ನಾ ಕೇಳೇನಿ."

"ನಮ್ಮ ಮನಿ ಉಸಾಬರಿ ನಿನಗ್ಯಾಕ, ಮುದುಕಿ?"

"ನನ್ನ ಹೆಸರು ಹೇಳಿದೆಲ್ಲೋ, ಬೀರ್ಯಾ. ಈಗ ನನ್ನದೂ ಆತು. ಹಿಂಡಿನ ಜೋಡಿ ನೀ ಹೋಗು. ಹುಡುಗಿ ಬರೂದಿಲ್ಲ."

ಗ್ರಾಮಸೇವಕಿಯ ಮುಂದೆ ಬೀರಣ್ಣ ಅಡ್ಡ ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಅವರಿಬ್ಬರೂ ಹುಡುಗಿಯನ್ನು ವಿಜಾಪುರದ ದವಾಖಾನೆಗೆ ಒಯ್ದರು. ಯಾರು ಸುಟ್ಟರು, ಯಾತಕ್ಕೆ, ಎಲ್ಲವನ್ನೂ ತಾಯವ್ವನೇ ಡಾಕ್ಟರಿಗೆ ಹೇಳಿದಳು. ಸೋನಾಬಾಯಿ ಹೇಳಿಕಳಿಸಿದ್ದಕ್ಕೆ ತಿಕೋಟಾದಿಂದ ಬೋರವ್ವನ ತಾಯಿಯ ಕಡೆಯ ಅಜ್ಜಿ ಸಂಜೆಗೆ ಬಂದು ಮೊಮ್ಮಗಳ ಹಾಸಿಗೆಯ ಹತ್ತಿರ ಕೂತಳು. ಗಾಯ ಮಾಯ್ದ ಮೇಲೆ ಹುಡುಗಿ ಅವಳ ಮನೆಗೇ ಹೋಗುವುದು.

ತಿರುಗಿ ಬರುವಾಗ ತಾಯವ್ವ ಬಸ್ಸಿನಲ್ಲಿ ಕೇಳಿದಳು: "ಈಗ ಜೈನಾಪುರದ್ದು ಒಂದು ಆತು. ಅಷ್ಟ ಹೌದಲ್ಲ ಬೇ?"

"ನಿಮ್ಮ ಸೂಜಿ ಮುಟ್ಟಿದ ಕೂಸುಗಳೂ ಅದಾವ್ರಿ."

"ನಾ ಕೊಟ್ಟದ್ದು ಬದುಕಲಿ ಅಂತ."

"ಅವೂ ಸುಟ್ಟಾವ್ರಿ."

ಬಸ್ಸಿನ ಹಿಂದೆ ಗೋಳಗುಮ್ಮಟ ಮರೆಯಾಯಿತು. ತಾಯವ್ವ ಸೆರಗಿನ ಗಂಟು ಬಿಚ್ಚಿ, ಸೂಜಿ ತೆಗೆದು, ಸೋನಾಬಾಯಿಯ ಅಂಗೈಯಲ್ಲಿಟ್ಟಳು.

"ಹಂಗಾರ ನನ್ನವೂ ಎಣಿಕ್ಯಾಗ ಹಿಡಿ. ಒಂದೊಂದ ಹೆಸರು ಹೇಳತೇನಿ."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಓಣಿಯಲ್ಲಿ ಎಷ್ಟು? ಒಂದೂ ಇಲ್ಲ ಎನ್ನುವ ಮೊದಲು, ಕಳೆದ ಸಲ ಯಾವ ಮನೆಯಿಂದ ಮಗುವಿನ ಚೀರಾಟ ಕೇಳಿ ನೀವು ಬಾಗಿಲು ಮುಚ್ಚಿಕೊಂಡಿರಿ ಎಂದು ನೆನೆಯಿರಿ. ಆ ಮನೆಗೆ ಹೋಗಿ. ಗ್ರಾಮಸೇವಕಿಗೆ, ಮಾಸ್ತರರಿಗೆ, ಡಾಕ್ಟರಿಗೆ ಇವತ್ತೇ ಹೇಳಿ. ಒಂದೊಂದು ಊರೂ ಬಾಯಿ ಬಿಟ್ಟರೆ ಮಾತ್ರ ದೇಶಕ್ಕೆ ತನ್ನ ಮಕ್ಕಳ ಗಾಯ ಎಷ್ಟೆಂದು ತಿಳಿಯುತ್ತದೆ. ನೀವು ಹೇಳದಿದ್ದರೆ ಆ ಮಗು ಬೆಳಗಾಗುತ್ತಲೇ ಹಿಂಡಿನ ಹಿಂದೆ ಹೊರಟುಬಿಡುತ್ತದೆ.