ಹೊಸಮನೆಯ ತೆಳು ಪಿಲ್ಲರ್‌ಗಳು

ಮೊದಲ ಹೆರಿಗೆಗೆ ಮಗಳು ರೂಹಿಯನ್ನು ಭದ್ರಾವತಿಗೆ ಕರೆದೊಯ್ಯಲು ಬಂದ ಹುಮಾ, ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿರುವ ಬೀಗರ ಮನೆಯ ಮುಂದೆಯೇ ನಿಂತುಬಿಟ್ಟಳು. ಹೋದ ಸಲ ಇದ್ದ ನೆಲಮಹಡಿಯ ಗೋಡೆಗಳು ಈಗ ಇರಲಿಲ್ಲ. ಅಲ್ಲಿನ ತಮ್ಮ ಗ್ಯಾರೇಜಿಗೆ ಕಾರುಗಳು ಸಲೀಸಾಗಿ ನುಗ್ಗಲೆಂದು ರೂಹಿಯ ಮಾವ ಬಾಬು ಸಾಬರು ಎಲ್ಲವನ್ನೂ ಒಡೆಸಿದ್ದರು. ಮೇಲಿನ ಎರಡು ಮಹಡಿಗಳು ತೆಳು ಪಿಲ್ಲರ್‌ಗಳ ಮೇಲೆ ನಿಂತಿದ್ದವು.

ಕಟ್ಟಡಗಳು ಭೂಕಂಪ ತಡೆದುಕೊಂಡಾವೇ ಎಂದು ಲೆಕ್ಕ ಹಾಕುವುದೇ ಹುಮಾಳ ಕೆಲಸ. ನಮ್ಮ ಕಡೆ ಭೂಮಿ ಜೋರಾಗಿ ನಡುಗುವುದು ಅಪರೂಪ. ಅದಕ್ಕೇ ಅವಳಿಗೆ ಭಯ. ಇಲ್ಲಿ ಯಾರೂ ಪಿಲ್ಲರ್ ಕಡೆ ಕಣ್ಣೆತ್ತಿ ನೋಡುವುದಿಲ್ಲ. ಆದರೆ ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ಹುಳುಕು ಎತ್ತಬಾರದೆಂದು ತಾಯಿ ಕರೀಮಾಬಿ ಹೇಳಿ ಹೇಳಿ ಅವಳ ಬಾಯಿ ಕಟ್ಟಿದ್ದರು.

“ಏನ್ ಬೀಗ್ರೇ, ಹಂಗ್ ನೋಡ್ತೀರಾ? ನಮ್ಮ ಶಿವಮೊಗ್ಗಕ್ಕೆ ಭೂಕಂಪ ಗೀಕಂಪ ಬರುತ್ತಾ?” ಬಾಬು ಸಾಬರು ನಕ್ಕರು.

“ಸಾಧ್ಯತೆ ಕಡಿಮೆ ಭಾಯಿ. ಜೋರಾಗಿ ಬರೋದು ಐವತ್ತು ವರ್ಷದಲ್ಲಿ ನೂರಕ್ಕೆ ಹತ್ತು ಅಂತ ಹಿಡೀತೀವಿ. ಆದ್ರೆ...”

“ಕೇಳಿದ್ಯೇನೋ ಉಮೈರ್! ನೂರಕ್ಕೆ ತೊಂಬತ್ತು, ಫಸ್ಟ್ ಕ್ಲಾಸ್ ಪಾಸು!” ಅವರು ಪಕ್ಕದಲ್ಲಿದ್ದ ಮಗನ, ಅಂದರೆ ರೂಹಿಯ ಗಂಡನ, ಬೆನ್ನಿಗೆ ಗುದ್ದಿದರು. “ಎಂಜಿನಿಯರ್ ಬಾಯಲ್ಲೇ ಬಂತಲ್ಲ. ಮೊಮ್ಮಗು ಬರೋದ್ರೊಳಗೆ ಇನ್ನೊಂದು ಫ್ಲೋರ್ ಏರಿಸೇಬಿಡೋಣ. ಮೇಸ್ತ್ರಿ ಜಯಪ್ಪನಿಗೆ ಹೇಳು.”

ಆಫೀಸಿನಲ್ಲಿ ಆ ಹತ್ತನ್ನು ಬರೆಯುವಾಗ ಹುಮಾ ಚಹಾ ಕುಡಿಯುತ್ತಿರುತ್ತಿದ್ದಳು. ಈಗ ಆ ಹತ್ತರೊಳಗೆ ರೂಹಿ ಮಗ್ಗುಲಾಗಿ ಮಲಗಿದ್ದಂತೆ ಕಂಡಿತು, ಪಕ್ಕದಲ್ಲಿ ಇನ್ನೂ ಮುಖ ಕಾಣದ ಕೂಸು. ಬಾಣಂತನ ಮುಗಿದ ಮೇಲೆ ಆ ಕೂಸನ್ನು ತಾನೇ ಎತ್ತಿಕೊಂಡು ಬಂದು ಇಲ್ಲಿ ಬಿಟ್ಟು ಹೋಗಬೇಕು.

“ಬೇಡ ಭಾಯಿ,” ಎಂದಳು. “ಒಂದು ಇಟ್ಟಿಗೇನೂ ಏರಿಸ್ಬೇಡಿ. ಭೂಮಿ ನಡುಗಿದ್ರೆ ಮೊದಲು ಮುರಿಯೋದು ಈ ಪಿಲ್ಲರ್‌ಗಳೇ. ಇವನ್ನ ಗಟ್ಟಿ ಮಾಡ್ಸೋವರೆಗೂ ರೂಹೀನ ವಾಪಸ್ ಕಳಿಸಲ್ಲ.”

ಸಾಬರ ನಗು ನಿಂತಿತು. “ನನ್ನ ಮನೆ ಸರಿಯಿಲ್ವಾ? ಹಂಗಾದ್ರೆ ಸೊಸೆ ಎಲ್ಲೂ ಹೋಗಲ್ಲ. ಹೆರಿಗೇನೂ ಇಲ್ಲೇ ಆಗ್ಲಿ.”

ಉಮೈರ್ ತಲೆ ತಗ್ಗಿಸಿದ. ಕರೆದುಕೊಂಡು ಹೋಗಲು ಬಂದವಳೇ ಮಗಳನ್ನು ಇಲ್ಲಿ ಕಟ್ಟಿಹಾಕಿದೆನಲ್ಲ ಎಂದುಕೊಂಡಳು ಹುಮಾ.

ರೂಹಿ ಮೆಟ್ಟಿಲ ಮೇಲೆ ನಿಂತಿದ್ದಳು. ಎಲ್ಲವೂ ಕೇಳಿಸಿತ್ತು.

“ಅಮ್ಮಿ, ನಾನು ಮಲಗೋ ರೂಮು ಯಾವ ಪಿಲ್ಲರ್ ಮೇಲಿದೆ?”

ಹುಮಾ ಮೂಲೆಯದನ್ನು ತೋರಿಸಿದಳು.

ರೂಹಿ ಅದನ್ನೇ ನೋಡಿದಳು. ಬ್ಯಾಗು ತರಲು ಮೇಲೆ ಹೋಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಮಾವನ ಮುಂದೆಯೇ ಹಾದು, ಬರಿಗಾಲಲ್ಲಿ ರಸ್ತೆಗಿಳಿದಳು. ಅಲ್ಲಿಂದಲೇ ಗಂಡನನ್ನು ಕೂಗಿದಳು.

“ರೀ, ನೀವೂ ಹೊರಗೆ ಬನ್ನಿ.”