ಮೈಕಿನಲ್ಲಿ ಬಂದ ಹೆಸರು

ಗೋಲು ಹೊಡೆದದ್ದು ಜಸ್ಮೀನ. ಮೈಕಿನಲ್ಲಿ ಶಿವಕಾಂತಾ ಕೂಗಿದ್ದು ಭಾಗ್ಯಜ್ಯೋತಿಯ ಹೆಸರು.

ಬಾಯಿ ತಪ್ಪಿರಲಿಲ್ಲ. ಜೇವರ್ಗಿ ಹುಡುಗಿಯರ ಫುಟ್‌ಬಾಲ್ ತಂಡವನ್ನು ಕೊಂಡವರು ದಾಲ್ ಮಿಲ್ಲಿನ ಜಗದೇವಪ್ಪ. ಸೆಮಿಫೈನಲ್ಲಿಗೆ ಮುಂಚೆ ಚಹಾ ಕುಡಿಸುತ್ತ, "ನಮ್ಮ ಮೊಮ್ಮಗಳ ಹೆಸರು ಮಂದಿ ಕಿವಿಗಿ ಬೀಳಂಗ ಹೇಳ್ರಿ ಮೇಡಂ. ಮುಂದಿನ ವರ್ಷಾನೂ ಮೈಕ್ ನಿಮ್ದೇ" ಎಂದಿದ್ದರು. ಮದುವೆ, ಶಾಲೆಯ ವಾರ್ಷಿಕ ಗ್ಯಾದರಿಂಗು ಎಂದು ಮೈಕು ಹಿಡಿದೇ ಬದುಕಿದ ಶಿವಕಾಂತಾಗೆ ಆಟದ ಮೈಕು ಸಿಕ್ಕಿದ್ದು ಇದೇ ಮೊದಲು. ಹೆಣ್ಣುಮಗಳೇನು ಕಾಮೆಂಟ್ರಿ ಹೇಳ್ತಾಳೆ ಎಂದು ನಕ್ಕವರ ಎದುರೇ ಅವಳು ಆ ಕುರ್ಚಿಯಲ್ಲಿ ಕೂತಿದ್ದಳು.

ಯೂಟ್ಯೂಬ್ ಲೈವ್‌ಗೆ ಇದ್ದದ್ದು ಒಂದೇ ಮೊಬೈಲು, ಅದೂ ನಡುಗೆರೆಯ ಹತ್ತಿರ. ಸೆಮಿಫೈನಲ್ಲಿನ ಎದುರಾಳಿ ಅಫಜಲಪುರದವರ ಗೋಲಿನ ಮುಂದೆ ಧೂಳೆದ್ದರೆ ಅದರಲ್ಲಿ ಯಾರ ಮುಖವೂ ಕಾಣದು. ದನಿ ಹೇಳಿದ್ದನ್ನೇ ಊರು ನೋಡುತ್ತದೆ. ಶಿವಕಾಂತಾಗೆ ಮಾತ್ರ ಆವತ್ತು ಎಲ್ಲ ನಿಚ್ಚಳವಾಗಿ ಕಂಡಿತ್ತು.

ಫೈನಲ್ಲಿನ ಹಿಂದಿನ ದಿನ ಮಧ್ಯಾಹ್ನ ಜಸ್ಮೀನ ಮೈದಾನಕ್ಕೆ ಬಂದು ಅವಳ ಮೇಜಿನ ಮುಂದೆ ನಿಂತಳು. ಬೂಟು ಕೈಯಲ್ಲಿತ್ತು.

"ಅಕ್ಕಾರ, ಅಬ್ಬಾ ನಾಳಿ ಆಡೋದು ಬ್ಯಾಡ ಅಂದಾರ್ರಿ."

"ಯಾಕ ತಂಗಿ?"

"ಬಾಳೆಹಣ್ಣಿನ ಬಂಡಿ ಮ್ಯಾಲ ಫೋನ್ ಇಟ್ಟು, ಬಸ್‌ಸ್ಟ್ಯಾಂಡ್ ಮಂದಿನೆಲ್ಲ ಕರ್ದಾರ, ನನ್ನ ಮಗಳ ಆಟ ನೋಡ್ರಿ ಅಂತ. ಮನಿಗಿ ಹೋಗಿ, ಗೋಲ್ ನಾನೇ ಹೊಡ್ದೇನಿ ಅಂದೆ. ಮೈಕ್‌ದಾಗ ಬರ್ಲಿಲ್ಲಲ್ಲ ಬೇಟಿ, ಆಟ ಕಲ್ತು ಬಾ ಅಂದ್ರ ಸುಳ್ಳು ಕಲ್ತು ಬಂದೀ ಅಂದ್ರು." ಅವಳು ಬೂಟು ಕೆಳಗಿಟ್ಟಳು. "ನೀವೊಮ್ಮಿ ಹೇಳ್ರಿ. ಫೋನ್ ಹಚ್ಚಿ ಕೊಡ್ತೇನಿ. ನಿಮ್ಮ ಮಾತು ನಂಬ್ತಾರ."

ಶಿವಕಾಂತಾ ಮೈಕಿನ ವೈರು ಸುತ್ತಿದಳು. ಸುತ್ತಿದ್ದನ್ನೇ ಬಿಚ್ಚಿದಳು. ಜಸ್ಮೀನಳ ಅಬ್ಬಾ, ಹಣ್ಣಿನ ಶರಫುದ್ದೀನ, ಅವಳಿಗೂ ಗೊತ್ತಿದ್ದವನೇ. ಡಜನ್ನಿನ ಮೇಲೆ ಒಂದು ಹಣ್ಣು ಹೆಚ್ಚಿಗೆ ಹಾಕದೆ ಎಂದೂ ಕಳಿಸಿದವನಲ್ಲ.

"ನಾಳಿ ಫೈನಲ್‌ದಾಗ ನಿನ್ನ ಹೆಸರು ಹತ್ತು ಸರ್ತಿ ಹೇಳ್ತೇನಿ, ಆತಿಲ್ಲೋ?"

"ನಾಳಿ ನಾ ಬಂದ್ರಲ್ಲ ಅಕ್ಕಾರ?"

ಅಷ್ಟರಲ್ಲಿ ಜಗದೇವಪ್ಪನವರ ಜೀಪು ಬಂತು. ಹಿಂದಿನಿಂದ ಮೊಮ್ಮಗಳು ಭಾಗ್ಯಜ್ಯೋತಿ ಇಳಿದಳು, ಚೆಂಡು ಬಗಲಲ್ಲಿ.

"ಮೇಡಂ, ಆ ಗೋಲ್ ಧೂಳಿನ್ಯಾಗ ಮುಚ್ಚಿ ಹೋಗ್ಯಾದ. ಹತ್ರದಿಂದ ಇನ್ನೊಮ್ಮಿ ತಗೊಳೂಣು. ನೀವು ಮತ್ತ ಹಂಗೇ ಒದರ್ರಿ. ನಾಳಿ ಆಳಂದದವ್ರ ಜೋಡಿ ಆಟ ಸುರು ಆಗೂಕಿಂತ ಮೊದ್ಲು ಲೈವ್‌ದಾಗ ಬಿಡೂಣು." ಅವರು ಸುತ್ತ ನೋಡಿದರು. "ಏ ಜಸ್ಮೀನಾ, ಗ್ಲೌಸ್ ಹಾಕ್ಕೊಂಡು ಗೋಲ್‌ದಾಗ ನಿಲ್ಲು. ಚೆಂಡ್ ಬಂದ್ ಕೂಡ್ಲೆ ಬಿದ್ದಂಗ ಮಾಡು, ಸಾಕು."

"ಆಕಿ ನಮ್ಮ ಟೀಮಿನಾಕಿ, ಅಫಜಲಪುರದವ್ರ ಗೋಲ್‌ದಾಗ ಹೆಂಗ್ರಿ..." ಎಂದಳು ಶಿವಕಾಂತಾ.

"ಗೋಲ್‌ದಾಗ ನಿಂತಾಕಿ ಮಾರಿ ಯಾರಿಗಿ ಕಾಣ್ತಾದ? ಅವತ್ತರೆ ಕಂಡಿತ್ತೇನು?" ಜಗದೇವಪ್ಪ ನಕ್ಕರು. ಅವಳೂ ನಕ್ಕಳು. ಗೋಲಿನತ್ತ ಹೊರಟಿದ್ದ ಜಸ್ಮೀನ ಆ ನಗು ಕೇಳಿ ತಿರುಗಿ ನೋಡಿದಳು, ಜಗದೇವಪ್ಪನವರನ್ನಲ್ಲ, ಶಿವಕಾಂತಾಳನ್ನು.

ಕ್ಯಾಮೆರಾದ ಅರುಣಕುಮಾರ ಮೊಬೈಲು ಹಿಡಿದು ಮಂಡಿಯೂರಿದ. ಶಿವಕಾಂತಾ ಮೈಕನ್ನು ಬಾಯಿಗೆ ತಂದಳು. ದನಿ ತಾನಾಗಿ ಏರಿತು: "ವೀಕ್ಷಕರೇ, ಚೆಂಡು ಭಾಗ್ಯಜ್ಯೋತಿಯ ಕಾಲಿನಲ್ಲಿ! ಒಬ್ಬರನ್ನು ದಾಟಿದರು, ಇಬ್ಬರನ್ನು ದಾಟಿದರು..."

ಭಾಗ್ಯಜ್ಯೋತಿ ಕದಲಿರಲಿಲ್ಲ.

"ಹೊಡಿ ಬೇ!" ಎಂದರು ಜಗದೇವಪ್ಪ.

"ಮುತ್ಯಾ, ಅವತ್ತ ನಾ ಅಲ್ಲಿ ಇದ್ದಿದ್ದೇ ಇಲ್ಲ. ಈಚಿ ಕಡಿ ಕುಂತು ಲೇಸ್ ಕಟ್ಕೊಳ್ಳಾಕತ್ತಿದ್ದೆ, ಮೇಡಮ್ಮೋರ ಮುಂದೇ."

"ಅದೆಲ್ಲ ಆಮ್ಯಾಲ. ಈಗ ಹೊಡಿ."

"ಹೊಡ್ಯಾಂಗಿಲ್ಲ."

"ಏನಂದಿ?"

"ಆಕಿ ಗೋಲ್ ನಾ ಹೊಡ್ಯಾಂಗಿಲ್ಲ ಮುತ್ಯಾ."

ಅವಳು ಚೆಂಡಿನ ಮೇಲೆಯೇ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು. ಆಚೆ ಗೋಲಿನಲ್ಲಿ ಜಸ್ಮೀನ, ತನ್ನ ಕೈಗಿಂತ ದೊಡ್ಡ ಗ್ಲೌಸು ಹಾಕಿಕೊಂಡು, ಇನ್ನೂ ನಿಂತೇ ಇದ್ದಳು. ಶಿವಕಾಂತಾ ಮೈಕು ಆರಿಸಿರಲಿಲ್ಲ. ಕಂಬಕ್ಕೆ ಕಟ್ಟಿದ್ದ ಸ್ಪೀಕರಿನಲ್ಲಿ ಅವಳ ಉಸಿರು ಮೈದಾನದ ತುಂಬ ಕೇಳಿಸುತ್ತಿತ್ತು.