ಈ ವಿಳಾಸದಲ್ಲಿ ಯಾರೂ ವಾಸವಿಲ್ಲ

ಮೆಸೇಜು ಬಂದಾಗ ಮಗಳು ಮನೆಯಲ್ಲೇ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಕೈ ಒರೆಸಿಕೊಂಡು ಫೋನ್ ನೋಡಿದಳು. ಓದಿದಳು. ತಪ್ಪು ಓದಿದೆನೇನೋ ಎಂದು ಇನ್ನೊಂದು ಸಲ ಓದಿದಳು.

"ಅಮ್ಮಾ, ನಾವು ಇಲ್ಲಿ ಇಲ್ವಂತೆ."

"ಏನೇ ಹಾಗಂದ್ರೆ?"

"ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೆನಲ್ಲ, ಅದು ತಿರಸ್ಕಾರ ಆಗಿದೆ. ಕೇಳು. 'ಸ್ಥಳ ಪರಿಶೀಲನೆ ಮಾಡಲಾಗಿದೆ. ಅರ್ಜಿದಾರರು ಈ ವಿಳಾಸದಲ್ಲಿ ವಾಸವಿಲ್ಲ. ಮನೆ ಖಾಲಿ ಮಾಡಿದ್ದಾರೆ.'"

ಅಮ್ಮ ಸುತ್ತಲೂ ನೋಡಿದಳು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಹಗ್ಗದ ಮೇಲೆ ಮೂರು ಜನರ ಬಟ್ಟೆ ಒಣಗುತ್ತಿತ್ತು. ಬಾಗಿಲ ಹಿಂದೆ ಮೂರು ಜೊತೆ ಚಪ್ಪಲಿ ಇಡುವ ಜಾಗದಲ್ಲಿ ಈಗ ಎರಡು ಜೊತೆ ಇದ್ದವು. ಒಂದನ್ನು ಹಾಕಿಕೊಂಡು ಅಪ್ಪ ಕೆಲಸಕ್ಕೆ ಹೋಗಿದ್ದ.

"ಎಂಟು ವರ್ಷದಿಂದ ಈ ಮನೇಲಿ ನೀರು ಹಿಡೀತಾ ಇರೋದು ಯಾರು ಹಾಗಾದ್ರೆ? ದೆವ್ವಾನಾ?" ಎಂದಳು ಅಮ್ಮ. ಮಗಳು ನಗಲಿಲ್ಲ.

ನಗುವ ಹೊತ್ತೂ ಅಲ್ಲ. ಮಗಳಿಗೆ ಕಣ್ಣಿನ ಪರೀಕ್ಷೆ ಮಾಡುವ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಶುಲ್ಕ ಕಟ್ಟುವ ಶಕ್ತಿ ಮನೆಗಿರಲಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಸರ್ಕಾರ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೆ ಸೀಟು ಉಳಿಯುತ್ತದೆ ಎಂದು ಕಾಲೇಜಿನವರು ಹೇಳಿದ್ದರು. ಆ ಅರ್ಜಿಗೆ ಜಾತಿ ಪ್ರಮಾಣಪತ್ರ ಬೇಕು. ಅದು ಇವರ ಮನೆಯಲ್ಲಿರಲಿಲ್ಲ. ಶಾಲೆಗೆ ಸೇರಿಸುವಾಗಲೂ ಅಪ್ಪ ಜಾತಿ ಬರೆಯುವ ಜಾಗವನ್ನು ಖಾಲಿ ಬಿಡಿಸಿದ್ದ. "ಅದೆಲ್ಲ ನಮಗ್ಯಾಕೆ?" ಎಂದಿದ್ದ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಈಗ ಕೊನೆಯ ದಿನಕ್ಕೆ ಹನ್ನೆರಡು ದಿನ ಉಳಿದಿತ್ತು.

"ನಡಿ, ನಿಮ್ಮಪ್ಪನಿಗೆ ಹೇಳೋಣ," ಎಂದು ಅಮ್ಮ ಒಲೆ ಆರಿಸಿದಳು.

ಅಪ್ಪ ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ. ದಿನಕ್ಕೆ ನಾನ್ನೂರು ಬೆಡ್‌ಶೀಟು. ಒದ್ದೆ ಬೆಡ್‌ಶೀಟಿನ ಒಂದು ತುದಿ ಅಪ್ಪನ ಕೈಯಲ್ಲಿ, ಇನ್ನೊಂದು ತುದಿ ರೇಡಿಯೋ ಅಕ್ಕನ ಕೈಯಲ್ಲಿ. ಇಬ್ಬರೂ ಎಳೆದು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುತ್ತಾರೆ. ಒಬ್ಬರ ಕೈ ಸಡಿಲವಾದರೆ ಸುಕ್ಕು, ನಿಂತರೆ ಸುಡುತ್ತದೆ. ಹನ್ನೊಂದು ವರ್ಷದಿಂದ ಅದೇ ಜೋಡಿ. ಅಕ್ಕನಿಗೆ ಆ ಹೆಸರು ಬಂದದ್ದು ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಬಾಯಿ ಮುಚ್ಚುವುದಿಲ್ಲ ಎಂಬ ಕಾರಣಕ್ಕೆ. ಅಪ್ಪ ಹೂಂ ಎನ್ನುವುದನ್ನು ಬಿಟ್ಟು ಬೇರೆ ಮಾತಾಡುವವನಲ್ಲ.

ಹೆಂಡತಿ ಬಾಗಿಲಲ್ಲಿ ಕಂಡಾಗ ಅಪ್ಪನ ಕೈಯಲ್ಲಿ ಬೆಡ್‌ಶೀಟಿತ್ತು.

"ರೀ, ಅರ್ಜಿ ವಾಪಸ್ ಬಂತು. ನಾವು ಮನೆ ಖಾಲಿ ಮಾಡಿದ್ದೀವಂತೆ. ಯಾರೋ ಪಾಪಿ ಹಾಗೆ ಹೇಳಿದ್ದಾನೆ!"

ಅಪ್ಪ ತಲೆ ಎತ್ತಲಿಲ್ಲ. "ಸರ್ಕಾರಿ ಕೆಲಸ ಅಂದ್ರೆ ಹಾಗೇ ಕಣೇ. ಬಿಡು."

"ಬಿಡು ಅಂದ್ರೆ? ಅವಳ ಓದು?"

"ನೋಡೋಣ."

"ಎಷ್ಟು ಅಂತ ನೋಡ್ತೀರಿ? ನೋಡಿ ನೋಡಿ ಕಣ್ಣಿಗೆ ಪೊರೆ ಬಂದೀತು!"

ರೇಡಿಯೋ ಅಕ್ಕ ಕಿಸಕ್ಕನೆ ನಕ್ಕಳು. ಅಷ್ಟರಲ್ಲಿ ಮೇಸ್ತ್ರಿಯ ಕೋಣೆಯಿಂದ ಮಗಳು ಹೊರಗೆ ಬಂದಳು. ಅವಳು ಯಾವಾಗ ಒಳಗೆ ಹೋದಳೋ ಯಾರೂ ನೋಡಿರಲಿಲ್ಲ. ಅವಳ ತೋಳಿನ ಮೇಲೆ ಲಾಂಡ್ರಿಯವರು ಹಾಕಿಕೊಳ್ಳುವ ನೀಲಿ ಏಪ್ರನ್ ಇತ್ತು.

"ಅಪ್ಪ, ಸೋಮವಾರದಿಂದ ಬಾ ಅಂದ್ರು ಮೇಸ್ತ್ರಿ. ಮೊದಲು ಕೊಳೆ ಬಟ್ಟೆ ವಿಂಗಡಿಸೋ ಕೆಲಸ."

ಅಪ್ಪನ ಕೈ ನಿಂತಿತು. ರೋಲರಿನ ಬಾಯಲ್ಲಿ ಬೆಡ್‌ಶೀಟು ಮಡಚಿಕೊಂಡು ಸುಟ್ಟ ವಾಸನೆ ಎದ್ದಿತು. ರೇಡಿಯೋ ಅಕ್ಕ ಓಡಿ ಸ್ವಿಚ್ ಆರಿಸಿದಳು. ಯಂತ್ರದ ಸದ್ದು ನಿಂತಾಗ ಅಪ್ಪನ ದನಿ ಎಲ್ಲರಿಗೂ ಕೇಳಿಸಿತು.

"ಆ ಪಾಪಿ ನಾನೇ."

ಅಮ್ಮನಿಗೆ ಅರ್ಥವಾಗಲಿಲ್ಲ.

"ಹೋದ ಮಂಗಳವಾರ ಆಫೀಸಿನವರು ಬಂದಿದ್ರು. ನೀವಿಬ್ಬರೂ ಮನೇಲಿರಲಿಲ್ಲ. ನಾನು ಕೆಲಸ ಮುಗಿಸಿ ಬಂದು, ಅಂಗಡಿಗೆ ಹೋಗೋಕೆ ಆಗ ತಾನೇ ಬೀಗ ಹಾಕಿದ್ದೆ. ಇದೇ ಮನೇನಾ ಅಂತ ಕೇಳಿದ್ರು. ಕೈಯಲ್ಲಿದ್ದ ಕಾಗದದಲ್ಲಿ ನಮ್ಮ ಜಾತಿ ಬರೆದಿತ್ತು. ಮಹಡಿ ಮೆಟ್ಟಿಲ ಮೇಲೆ ಓನರಮ್ಮ ನಿಂತು ನೋಡ್ತಾ ಇದ್ರು. ಆಫೀಸಿನವರು ಅದನ್ನ ಜೋರಾಗಿ ಓದಿಬಿಟ್ರೆ ಏನು ಗತಿ ಅನ್ನಿಸ್ತು. ಬೀಗದ ಕೈ ಜೇಬಿಗೆ ಹಾಕ್ಕೊಂಡೆ. ಅವರು ಖಾಲಿ ಮಾಡಿದ್ರು ಸಾರ್, ನಾನೂ ಮನೆ ನೋಡೋಕೆ ಬಂದೋನು ಅಂತ ಮೆಲ್ಲಗೆ ಅಂದೆ."

ಮಗಳು ಏಪ್ರನ್ ಹಿಡಿದುಕೊಂಡೇ ಅವನ ಹತ್ತಿರ ಬಂದಳು.

"ನೀನಾ ಅಪ್ಪ?" ಎಂದಳು.

"ಆಗ ನಿನಗೆ ಒಂಬತ್ತು ವರ್ಷ," ಎಂದ ಅಪ್ಪ. "ಆ ಹಳೇ ಮನೆ ಓನರಿಗೆ ನಮ್ಮ ಜಾತಿ ಗೊತ್ತಾದ ದಿನ. ಸಂಜೆ ಒಳಗೆ ಖಾಲಿ ಮಾಡಿ ಅಂದ. ನೀನು ಶಾಲೆಯಿಂದ ಬಂದಾಗ ನಮ್ಮ ಪಾತ್ರೆ ಎಲ್ಲ ಬೀದೀಲಿತ್ತು. ಬಿಸಿ ಆರದ ಅನ್ನದ ಪಾತ್ರೆ ನೀನು ಹೊತ್ತುಕೊಂಡೆ. ಬೀದಿಯವರೆಲ್ಲ ನಿಂತು ನೋಡಿದ್ರು. ಇನ್ನೊಂದು ಸಲ ಅದು ಆಗಬಾರದು ಅಂತ..."

ಅವನು ನಿಧಾನವಾಗಿ ರೇಡಿಯೋ ಅಕ್ಕನ ಕಡೆ ತಿರುಗಿದ. ಹನ್ನೊಂದು ವರ್ಷ ಯಾರಿಗೆ ಗೊತ್ತಾಗಬಾರದೆಂದು ಹೆದರಿದ್ದನೋ ಅವಳ ಎದುರಿಗೇ ಎಲ್ಲ ಹೇಳಿಬಿಟ್ಟಿದ್ದ. ಇನ್ನು ಇಡೀ ಆಸ್ಪತ್ರೆಗೆ ಗೊತ್ತಾಗುವುದಕ್ಕೆ ಅರ್ಧ ಗಂಟೆ ಸಾಕು.

ಅಕ್ಕ ಸುಟ್ಟ ಬೆಡ್‌ಶೀಟನ್ನು ಬಿಡಿಸಿ ತೆಗೆಯುತ್ತಿದ್ದಳು. ಅದನ್ನು ಮಡಚಿ ಪಕ್ಕಕ್ಕಿಟ್ಟಳು.

"ಅಣ್ಣ," ಎಂದಳು ಕೊನೆಗೆ, "ನಾನು ಯಾಕೆ ಇಷ್ಟು ಮಾತಾಡ್ತೀನಿ ಗೊತ್ತಾ? ಸುಮ್ಮನಿದ್ರೆ ಪಕ್ಕದೋರು ಏನಾದ್ರೂ ಕೇಳ್ತಾರೆ. ಯಾವ ಊರು, ಯಾವ ಜನ ಅಂತ ಶುರು ಮಾಡ್ತಾರೆ. ಅವರಿಗೆ ಬಾಯಿ ತೆರೆಯೋಕೆ ಜಾಗಾನೇ ಕೊಡಬಾರದು ಅಂತ ಮಾತಾಡ್ತೀನಿ. ನಾವು ಪರಿಶಿಷ್ಟ ಪಂಗಡದೋರು."

ಈಗ ಬೆಚ್ಚಿಬಿದ್ದದ್ದು ಅಪ್ಪ. "ನೀನಾ?"

"ನಾನೇ. ನೀನು ಬಾಯಿ ಮುಚ್ಚಿ ಬಚ್ಚಿಟ್ಟೆ, ನಾನು ಬಾಯಿ ಬಿಟ್ಟು ಬಚ್ಚಿಟ್ಟೆ. ಒಂದೇ ಬೆಡ್‌ಶೀಟಿನ ಎರಡು ತುದಿ ಹಿಡ್ಕೊಂಡು ಹನ್ನೊಂದು ವರ್ಷ ಒಬ್ಬರಿಗೊಬ್ಬರು ಹೆದರಿದ್ವಲ್ಲ, ಎಂಥಾ ಮೂರ್ಖರು ನಾವು!"

ಆಸ್ಪತ್ರೆಯ ಕಡೆ ಕೈ ತೋರಿಸಿ ಹೇಳಿದಳು: "ಆದ್ರೆ ಮಗನ ಓದಿನ ವಿಷಯದಲ್ಲಿ ನಾನು ಬಚ್ಚಿಡಲಿಲ್ಲ ಅಣ್ಣ. ಎರಡನೇ ಮಹಡೀಲಿ ಪರೀಕ್ಷೆಗೆ ರಕ್ತ ತಗೊಳ್ತಾನಲ್ಲ, ಅವನು ಮೂರು ವರ್ಷವೂ ಇದೇ ವಿದ್ಯಾರ್ಥಿವೇತನದಲ್ಲಿ ಓದಿದೋನು."

"ಅವನ ಹೆಸರು, ಜಾತಿ ಕಾಲೇಜಿನ ಗೋಡೆ ಮೇಲೆ ಅಂಟಿಸಲಿಲ್ವಾ?" ಎಂದ ಅಪ್ಪ.

"ಅವನ ಕಾಲೇಜಲ್ಲಿ ಯಾರೂ ಡಂಗುರ ಹೊಡೆಸಲಿಲ್ಲಪ್ಪ. ಪ್ರಮಾಣಪತ್ರ ಅವನ ಕೈಗೇ ಬಂತು, ಹಣ ಬ್ಯಾಂಕಿಗೆ ಬಂತು."

"ಆದ್ರೂ ಅಕ್ಕ, ಸರ್ಕಾರದ ಮುಂದೆ ಕೈ ಚಾಚೋದು..."

"ಕೈ ಚಾಚೋದಾ?" ಅಕ್ಕನ ದನಿ ಏರಿತು. "ನಮ್ಮ ಅಜ್ಜ ಮುತ್ತಜ್ಜಂದಿರನ್ನ ಶಾಲೆ ಬಾಗಿಲಿಂದ ಓಡಿಸಿದ್ರಲ್ಲ, ಅದಕ್ಕೆ ಲೆಕ್ಕ ಇದೆಯಾ? ಇದು ಭಿಕ್ಷೆ ಅಲ್ಲ ಅಣ್ಣ, ಹಕ್ಕು. ನೀನು ತಗೊಳ್ಳದೆ ಇದ್ರೆ ಯಾರೂ ನಿನ್ನನ್ನ ದೊಡ್ಡ ಮನುಷ್ಯ ಅನ್ನಲ್ಲ. ಮಗಳು ಕೊಳೆ ಬಟ್ಟೆ ವಿಂಗಡಿಸ್ತಾಳೆ, ಅಷ್ಟೇ."

ಆ ಮಾತು ಅಪ್ಪನಿಗೆ ಚಾಟಿ ಏಟಿನಂತೆ ಬಿತ್ತು.

"ಈಗ ಏನ್ಮಾಡೋದು? ತಿರಸ್ಕಾರ ಆಗೋಯ್ತಲ್ಲ," ಎಂದಳು ಅಮ್ಮ.

"ಆದ್ರೆ ಆಗಲಿ. ಇವತ್ತೇ ಕಂದಾಯ ಕಚೇರಿಗೆ ಹೋಗಿ, ನಡೆದದ್ದು ನಡೆದ ಹಾಗೆ ಹೇಳಿ ಹೊಸ ಅರ್ಜಿ ಕೊಡಿ. ಆದಾಯ ಪ್ರಮಾಣಪತ್ರಕ್ಕೂ ಜೊತೆಗೇ ಕೊಡಿ, ಎರಡೂ ಬೇಕು. ರಸೀದಿ ಕಳೀಬೇಡಿ. ಅದನ್ನೇ ಕಾಲೇಜಲ್ಲಿ ತೋರಿಸಿ, ಪ್ರಮಾಣಪತ್ರ ಬರ್ತಾ ಇದೆ ಅಂತ ಬರೆದು ಕೊಡಿ." ಅಕ್ಕ ಮಗಳ ಕಡೆ ತಿರುಗಿದಳು. "ಬ್ಯಾಂಕ್ ಖಾತೆ ಯಾರ ಹೆಸರಲ್ಲಿದೆ ಪುಟ್ಟಿ?"

"ಅಮ್ಮನ ಹೆಸರಲ್ಲಿ."

"ಆಗಲ್ಲ. ನಿನ್ನ ಹೆಸರಲ್ಲೇ ಬೇಕು. ನಿನ್ನ ಆಧಾರ್ ನಂಬರನ್ನ ಬ್ಯಾಂಕಲ್ಲಿ ಜೋಡಿಸು. ಎಲ್ಲ ಕಾಗದದಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಥರ ಇರಲಿ. ನಮ್ಮ ಹುಡುಗಂದು ಒಂದು ಕಡೆ ಬೇರೆ ತಾರೀಕು ಇತ್ತು ಅಂತ ನಾಲ್ಕು ತಿಂಗಳು ನಿಂತಿತ್ತು. ನಾನು ಮಾಡಿಸಿಕೊಡ್ತೀನಿ, ಎಟಿಎಂ ಕಾರ್ಡ್ ಕೊಡು ಅಂತ ಯಾರಾದ್ರೂ ಬಂದ್ರೆ ಬಾಗಿಲು ತೋರಿಸು."

"ಮನೆ ಬಿಡಿ ಅಂದ್ರೆ?" ಅಪ್ಪ ಕೇಳಿದ.

"ಜಾತಿ ಕಾರಣಕ್ಕೆ ಮನೆ ಬಿಡಿಸೋದು ಅಪರಾಧ. ಪೊಲೀಸಿಗೆ ದೂರು ಕೊಡಬಹುದು. ಜೊತೆಗೆ ನಾನು ಬರ್ತೀನಿ. ನನ್ನ ಬಾಯಿ ಬೇರೆ ಯಾವ ಕೆಲಸಕ್ಕಿದೆ?"

ಅಪ್ಪ ಮಗಳ ತೋಳಿನಿಂದ ಏಪ್ರನ್ ತೆಗೆದುಕೊಂಡ. ತಾನೇ ಹೋಗಿ ಮೇಸ್ತ್ರಿಗೆ ಕೊಟ್ಟು ಬಂದ. ಆವತ್ತು ಅರ್ಧ ದಿನ ರಜೆ ಬರೆಸಿದ.

ಶುಕ್ರವಾರ ಬೆಳಿಗ್ಗೆ ಪರಿಶೀಲನೆಗೆ ಬಂದವರು ಅವತ್ತಿನ ಆಫೀಸಿನವರೇ. ಅಪ್ಪನನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನೀವು ಅವತ್ತು ಮನೆ ನೋಡೋಕೆ ಬಂದೋರಲ್ವಾ?"

ಮೆಟ್ಟಿಲ ಮೇಲೆ ಓನರಮ್ಮ ಇದ್ದರು. ಪಕ್ಕದ ಮನೆಯ ಕಿಟಕಿಯೂ ತೆರೆದಿತ್ತು. ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಖಾಲಿ ಮಾಡಿದ್ರು ಅಂತ ಸುಳ್ಳು ಹೇಳಿದ್ದೆ ಸಾರ್, ತಪ್ಪಾಯ್ತು. ಇದು ನಾವಿರೋ ಮನೆ. ಇವಳು ನನ್ನ ಮಗಳು." ಆಮೇಲೆ ತನ್ನ ಜಾತಿಯ ಹೆಸರು ಹೇಳಿದ. ಮೆಲ್ಲಗಲ್ಲ, ಎಲ್ಲರಿಗೂ ಕೇಳುವ ಹಾಗೆ. ಈ ಮನೆಗೆ ಬಂದ ಎಂಟು ವರ್ಷದಲ್ಲಿ ಮೊದಲ ಸಲ.

ಅಧಿಕಾರಿ ಮೇಲೆ ನೋಡಿ, "ಅಮ್ಮಾ, ಇವರು ಇಲ್ಲಿರೋದು ನಿಜಾನಾ? ನೀವು ಒಂದು ಸಹಿ ಹಾಕಬೇಕು," ಎಂದರು.

ಓನರಮ್ಮ ಮೆಟ್ಟಿಲಿಳಿದು ಬಂದರು. ಕನ್ನಡಕ ಹಾಕಿಕೊಂಡು ಕಾಗದವನ್ನು ಮೇಲಿಂದ ಕೆಳಗೆ ಓದಿದರು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನನ್ನ ಮನೇಲೇ ಇದ್ಕೊಂಡು ಖಾಲಿ ಮಾಡಿದ್ರು ಅಂದ್ರಾ?" ಎಂದರು ಅಪ್ಪನಿಗೆ. "ಮತ್ತೆ ತಿಂಗಳು ತಿಂಗಳು ಬಾಡಿಗೆ ಕೊಟ್ಟೋನು ಯಾರಪ್ಪ?"

ಸಹಿ ಹಾಕಿದರು. ಕನ್ನಡಕ ತೆಗೆದು ಮೇಲೆ ಹೋದರು.

ಆಮೇಲೆ ಎರಡು ವಾರ ಅವರು ಇವರೊಂದಿಗೆ ಮಾತಾಡಲಿಲ್ಲ. ಸಿಟ್ಟು ಸುಳ್ಳಿನ ಮೇಲೋ, ಕಾಗದದಲ್ಲಿ ಓದಿದ್ದರ ಮೇಲೋ, ಯಾರಿಗೂ ಗೊತ್ತಾಗಲಿಲ್ಲ. ಎಲ್ಲ ಸರಿಹೋಯಿತು ಎಂದು ಇಲ್ಲಿ ಬರೆದರೆ ತಪ್ಪಾಗುತ್ತದೆ. ಆದರೆ ಮನೆ ಬಿಡಿ ಎಂದು ಅವರು ಹೇಳಲಿಲ್ಲ.

ಪ್ರಮಾಣಪತ್ರಗಳು ಬಂದವು. ಕೊನೆಯ ದಿನಕ್ಕೆ ಮೂರು ದಿನ ಇರುವಾಗ ಅಪ್ಪ, ಮಗಳು ಇಬ್ಬರೂ ಕಾಲೇಜಿನ ಕಚೇರಿಗೆ ಹೋದರು. ಗುಮಾಸ್ತರು ಅರ್ಜಿ ನೋಡಿ, "ಸರಿಯಾಗಿದೆ. ಸೀಟಿಗೆ ತೊಂದರೆ ಇಲ್ಲ. ಮುಂದಿನ ವರ್ಷ ನವೀಕರಣ ಮರೀಬೇಡಮ್ಮ, ಪ್ರತಿ ವರ್ಷ ಮಾಡಿಸಬೇಕು," ಎಂದರು. ಮತ್ತೆ ತಮ್ಮಷ್ಟಕ್ಕೆ, "ಇದು ಹತ್ತನೇ ಅರ್ಜಿ," ಎಂದರು.

"ಎಷ್ಟು ಮಕ್ಕಳಿಗೆ ಸಿಗಬೇಕು ಸಾರ್?" ಅಪ್ಪ ಕೇಳಿದ.

"ನನಗೆ ತಿಳಿದ ಹಾಗೆ ಇಪ್ಪತ್ಮೂರು."

"ಉಳಿದೋರು?"

"ಕರೆದು ಹೇಳಿದೆ, ಬರಲಿಲ್ಲ. ಇಬ್ಬರು ಆಗಲೇ ಕಾಲೇಜು ಬಿಟ್ಟರು."

ಅಪ್ಪ ಕಚೇರಿಯ ಬೆಂಚಿನ ಮೇಲೆ ಕೂತುಬಿಟ್ಟ. ತಾನೊಬ್ಬನೇ ಹೆದರಿ ಬಚ್ಚಿಟ್ಟವನು ಎಂದುಕೊಂಡಿದ್ದ. ಹದಿಮೂರು ಮನೆ. ಅವುಗಳಲ್ಲಿ ಎಷ್ಟು ಬಾಗಿಲ ಮುಂದೆ ಎಷ್ಟು ಅಪ್ಪಂದಿರು ನಿಂತಿದ್ದಾರೋ.

"ಅಪ್ಪ, ಏನಾಯ್ತು?" ಎಂದಳು ಮಗಳು.

"ಆ ಹದಿಮೂರು ಮಕ್ಕಳು ನಿನಗೆ ಗೊತ್ತಾ?"

"ನಾಲ್ಕೈದು ಜನ ಗೊತ್ತು."

"ಅವರ ಮನೆ ತೋರಿಸು. ನಾನು ಮಾತಾಡ್ತೀನಿ," ಎಂದ, ಹೂಂ ಬಿಟ್ಟು ಬೇರೆ ಮಾತಾಡದ ಆ ಮನುಷ್ಯ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಹೆದರಿಕೆ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ಮಕ್ಕಳು ಕಟ್ಟಬಾರದು. ವಿದ್ಯಾರ್ಥಿವೇತನದ ನಿಯಮ, ಆದಾಯದ ಮಿತಿ, ಕೊನೆಯ ದಿನ ವರ್ಷದಿಂದ ವರ್ಷಕ್ಕೆ ಬದಲಾಗಬಹುದು. ಆದ್ದರಿಂದ ಅವರಿವರ ಮಾತು ನಂಬದೆ ಶಾಲೆ, ಕಾಲೇಜಿನ ಕಚೇರಿಯಲ್ಲೋ ಸಮಾಜ ಕಲ್ಯಾಣ ಇಲಾಖೆಯಲ್ಲೋ ಕೇಳಿ. ನಾಳೆ ಬೆಳಿಗ್ಗೆಯೇ ಹೋಗಿ. ಕೇಳಲು ಸಂಕೋಚವಾದರೆ ಮಗಳನ್ನು ಜೊತೆಗೆ ಕರೆದುಕೊಂಡು ಹೋಗಿ. ಪ್ರಶ್ನೆಯನ್ನು ಅವಳೇ ಕೇಳುತ್ತಾಳೆ. ನೀವು ಪಕ್ಕದಲ್ಲಿ ನಿಂತರೆ ಸಾಕು.